ಬಡಿಗನಿಲ್ಲದ ಎರಡು ದೋಣಿಗಳು

ಕಲಬುರಗಿ

ಪ್ರಿಯ ಮಲ್ಲಿಕಾರ್ಜುನ,

ನಿನ್ನ ಪತ್ರ ತಲುಪಿ ಹದಿನೈದು ದಿನಗಳಾದವು. ಕಾಕಾ ಅವರ ಹತ್ಯಾರಗಳ ಪೆಟ್ಟಿಗೆಯನ್ನು ಏನು ಮಾಡಬೇಕೆಂದು ಕೇಳಿದ್ದೀಯ. ಊರಿನಲ್ಲಿ ಕೂರಿಗೆ ಮಾಡಿಸುವವರೂ ಇಲ್ಲ, ಆಯದ ಜೋಳ ಕೊಡುವವರೂ ಇಲ್ಲವಾದ್ದರಿಂದ ಮಾರಿಬಿಡುವ ಯೋಚನೆ ಬಂದಿದೆ ಎಂದು ಬರೆದಿದ್ದೀಯ. ನೇರವಾದ ಉತ್ತರ ನನ್ನಲ್ಲಿ ಇರಲಿಲ್ಲ. ಆದರೆ ನಲವತ್ನಾಲ್ಕು ಡಿಗ್ರಿಯ ಈ ಬಿಸಿಲಿನಲ್ಲಿ ಮಧ್ಯಾಹ್ನ ಕದ ಮುಚ್ಚಿಕೊಂಡು ಕುಳಿತು ನಾನು ಓದುತ್ತಿರುವುದೆಲ್ಲ ಹಿಮದ ಕಡಲಿನ ಸಂಗತಿ. ಅದರಲ್ಲಿ ಬರುವ ಒಬ್ಬ ಬಡಿಗನನ್ನು ಕುರಿತು ನಿನಗೆ ಬರೆಯಲೇಬೇಕು ಅನ್ನಿಸಿತು.

ಉತ್ತರದ ಕಡಲಿನ ಮೂಲಕ ಚೀನಾಕ್ಕೆ ದಾರಿ ಹುಡುಕುತ್ತ 1596ರಲ್ಲಿ ಆಮ್ಸ್ಟರ್‌ಡ್ಯಾಮಿನಿಂದ ಹೊರಟ ಡಚ್ಚರ ಹಡಗೊಂದು ಆಗಸ್ಟ್ ಕೊನೆಯ ವಾರದಲ್ಲಿ ರಷ್ಯಾದ ಉತ್ತರಕ್ಕಿರುವ ನೊವಾಯಾ ಜೆಮ್ಲ್ಯಾ ದ್ವೀಪದ ಈಶಾನ್ಯ ತೀರದಲ್ಲಿ ಮಂಜುಗಡ್ಡೆಗೆ ಸಿಕ್ಕಿಕೊಂಡಿತು. ಹಡಗಿನ ಮುಖ್ಯಸ್ಥನ ಹೊಣೆ ಯಾಕೊಬ್ ವಾನ್ ಹೀಮ್ಸ್ಕೆರ್ಕನದು. ದಾರಿ ತೋರುವವನು ವಿಲ್ಲೆಮ್ ಬ್ಯಾರೆಂಟ್ಸ್, ಇಂದು ಆ ಕಡಲಿಗೆ ಇರುವುದು ಇವನದೇ ಹೆಸರು. ಹದಿನೇಳು ಜನ ತೇಲಿಬಂದ ಮರದ ದಿಮ್ಮಿಗಳನ್ನು ಎಳೆದು ತಂದು ಮನೆ ಕಟ್ಟತೊಡಗಿದರು. ಆ ಮನೆ ಮುಗಿಯುವ ಮೊದಲೇ, ಸೆಪ್ಟೆಂಬರಿನಲ್ಲಿ, ಅವರ ಬಡಿಗ ತೀರಿಕೊಂಡ. ನೆಲ ಹೆಪ್ಪುಗಟ್ಟಿ ಗುಂಡಿ ತೋಡಲು ಬಾರದೆ, ಅವನನ್ನು ಬಂಡೆಯ ಬಿರುಕಿನಲ್ಲಿ ಮಲಗಿಸಿದರು. ಆ ಪ್ರವಾಸದ ದಿನಚರಿ ಬರೆದ ಗೆರಿಟ್ ಡೆ ವೀರ್ ಅವನನ್ನು ಕಸುಬಿನಿಂದಲೇ ಗುರುತಿಸುತ್ತಾನೆ.

ಚಳಿಗಾಲದ ಕಥೆ ದೊಡ್ಡದು, ಅದನ್ನು ಬಿಡುತ್ತೇನೆ. ಒಂದನ್ನು ಮಾತ್ರ ಹೇಳಬೇಕು. ತಿಂಗಳುಗಟ್ಟಲೆ ಕತ್ತಲಲ್ಲಿದ್ದವರಿಗೆ 1597ರ ಜನವರಿ 24ರಂದು ದಿಗಂತದಲ್ಲಿ ಸೂರ್ಯನ ಅಂಚು ಕಂಡಿತು. ಲೆಕ್ಕದ ಪ್ರಕಾರ ಸೂರ್ಯ ಬರಲು ಇನ್ನೂ ಎರಡು ವಾರ ಬೇಕಿತ್ತು, ಬ್ಯಾರೆಂಟ್ಸನೇ ನಂಬಲಿಲ್ಲ. ನಮ್ಮ ಸೇಡಂ ರಸ್ತೆಯಲ್ಲಿ ಕಾಣುವ ಬಿಸಿಲುಗುದುರೆಗೂ ಅದಕ್ಕೂ ನಂಟಿದೆ. ಇಲ್ಲಿ ಕಾದ ನೆಲದ ಗಾಳಿ ಬೆಳಕನ್ನು ಮೇಲಕ್ಕೆ ಬಾಗಿಸುತ್ತದೆ. ಅಲ್ಲಿ ಕೆಳಗೆ ತಣ್ಣನೆಯ ಗಾಳಿ, ಮೇಲೆ ಬೆಚ್ಚನೆಯ ಗಾಳಿ ಇದ್ದು, ಬೆಳಕು ಭೂಮಿಯ ಬಾಗನ್ನು ಅನುಸರಿಸಿ ಬರುತ್ತದೆ. ಯಾರೂ ನಂಬದಿದ್ದರೂ ಕಂಡದ್ದನ್ನು ಕಂಡಂತೆ ಬರೆದಿಟ್ಟ ಡೆ ವೀರನ ಮಾತನ್ನು ದೋಣಿಯ ವಿಷಯದಲ್ಲಿಯೂ ನಾನು ನಂಬುತ್ತೇನೆ.

ಜೂನ್ ಬಂದರೂ ಹಡಗು ಬಿಡಿಸಿಕೊಳ್ಳಲಿಲ್ಲ. ಉಳಿದದ್ದು ಹಡಗಿನ ಜೊತೆಗಿದ್ದ ಎರಡು ತೆರೆದ ದೋಣಿಗಳು. ಸಣ್ಣ ಕೆಲಸಕ್ಕೆಂದು ಮಾಡಿದ ಆ ದೋಣಿಗಳು ಬಿರುಗಾಳಿಯ ಕಡಲನ್ನು ತಾಳುವಂತಿರಲಿಲ್ಲವಾದ್ದರಿಂದ, ನೆಟ್ಟಗೆ ನಿಲ್ಲಲೂ ಶಕ್ತಿಯಿಲ್ಲದ ಆ ಜನ ಒಂದು ದೋಣಿಯ ಚೂಪಾದ ಹಿಂಬದಿಯನ್ನು ಗರಗಸದಿಂದ ಕೊಯ್ದು ಅಗಲ ಮಾಡಿದರು, ಬದಿಗಳಿಗೆ ಹಲಗೆ ಜೋಡಿಸಿ ಎತ್ತರಿಸಿದರು. ಬಡಿಗ ಸತ್ತು ಎಂಟು ತಿಂಗಳಾಗಿದ್ದವು. ಅವನ ಹತ್ಯಾರಗಳು ಮಾತ್ರ ಇದ್ದವು. ಮಲ್ಲು, ಹಲಗೆಯ ಸಂದು ಹೇಗೆ ಕೂಡಬೇಕೆಂದು ಕಾಕಾ ನಮಗೆ ತೋರಿಸುತ್ತಿದ್ದುದು ನೆನಪಿದೆಯೇ? ಬೆರಳಿನ ಉಗುರು ಸಿಕ್ಕಿದರೂ ಅವರು ಒಪ್ಪುತ್ತಿರಲಿಲ್ಲ. ಕೈ ಮರಗಟ್ಟಿದವರು, ಕಸುಬು ಕಲಿಯದವರು, ಅಂಥ ಸಂದುಗಳನ್ನು ಕೂಡಿಸಿದ್ದನ್ನು ನೆನೆದರೆ ನನಗೆ ಅವರ ಧೈರ್ಯಕ್ಕಿಂತ ಈ ಕೆಲಸವೇ ದೊಡ್ಡದಾಗಿ ಕಾಣುತ್ತದೆ. ಧೈರ್ಯವೆಂದರೆ ಬೇರೆ ದಾರಿಯೂ ಇದ್ದಾಗ ತೋರುವಂಥದ್ದು. ಇವರಿಗೆ ಇದ್ದದ್ದು ಇದೊಂದೇ ದಾರಿ.

ಜೂನ್ 14ರಂದು ಹೊರಟರು. ಬ್ಯಾರೆಂಟ್ಸ್ ತಮಗೆ ಒದಗಿದ್ದನ್ನೆಲ್ಲ ಒಂದು ಕಾಗದದಲ್ಲಿ ಬರೆದು ಮನೆಯ ಹೊಗೆಗೂಡಿನಲ್ಲಿ ತೂಗುಹಾಕಿಸಿದ್ದ. ರೋಗದಿಂದ ನಡೆಯಲಾರದ ಅವನನ್ನು ಜಾರುಬಂಡಿಯ ಮೇಲೆ ಮಲಗಿಸಿ ದೋಣಿಗೆ ತಂದರು. ಆ ಪಯಣದಲ್ಲಿ ತೇಲಿದ್ದೆಷ್ಟೋ, ಎಳೆದದ್ದೂ ಅಷ್ಟೇ ಎನ್ನಬೇಕು. ದಾರಿ ಮುಚ್ಚಿದಾಗಲೆಲ್ಲ ಸಾಮಾನು ಇಳಿಸಿ, ದೋಣಿಗಳನ್ನು ಮಂಜಿನ ಮೇಲೆ ಎಳೆದು, ಆಚೆ ನೀರು ಕಂಡಲ್ಲಿ ಮತ್ತೆ ಇಳಿಸಬೇಕಿತ್ತು.

ಜೂನ್ 17ರಂದು ತೇಲುಗಡ್ಡೆಗಳು ಎರಡೂ ಬದಿಯಿಂದ ನುಗ್ಗಿ ಬಂದು ದೋಣಿಗಳನ್ನು ಅರೆಯತೊಡಗಿದವು. ಗಟ್ಟಿಯಾಗಿ ನಿಂತ ಮಂಜಿಗೆ ಹಗ್ಗ ಕಟ್ಟಿದರೆ ಮಾತ್ರ ಉಳಿವು. ಆದರೆ ಹೋಗುವವರು ಯಾರು? ಎಲ್ಲರಿಗಿಂತ ಹಗುರವಾಗಿದ್ದ ಡೆ ವೀರ್, ಹೇಗೂ ಮುಳುಗಿದ ಕರುವನ್ನು ಪಣಕ್ಕಿಡಲು ಅಂಜಿಕೆಯೇನು ಎಂಬ ತಮ್ಮ ಕಡೆಯ ಗಾದೆಯನ್ನು ನೆನೆದು, ಅಲುಗಾಡುವ ಗಡ್ಡೆಯಿಂದ ಗಡ್ಡೆಗೆ ತೆವಳುತ್ತ ಹಗ್ಗ ಒಯ್ದು ಕಟ್ಟಿದ. ರೋಗಿಗಳನ್ನು ಬಟ್ಟೆ ಹಾಸಿ ಮಂಜಿನ ಮೇಲೆ ಮಲಗಿಸಿ, ದೋಣಿಗಳನ್ನು ಮೇಲಕ್ಕೆಳೆದು, ಬಿಟ್ಟುಕೊಂಡ ಸಂದುಗಳಿಗೆ ರಾಳ ಕಾಯಿಸಿ ಬಳಿದರು. ಭೀಮೆಯಲ್ಲಿ ನಮ್ಮ ಹರಗೋಲು ಸೋರಿದ ದಿನ ಅಂಬಿಗ ಡಬ್ಬಿಯಿಂದ ನೀರು ಮೊಗೆಯುತ್ತಿದ್ದಾಗ ನಾವಿಬ್ಬರೂ ಅತ್ತದ್ದು ನನಗೆ ನೆನಪಾಯಿತು, ನಗುವೂ ಬಂತು.

ಜೂನ್ 20ರಂದು ಬ್ಯಾರೆಂಟ್ಸ್ ಡೆ ವೀರ್ ಬರೆದಿದ್ದ ಚಿಕ್ಕ ನಕ್ಷೆಯನ್ನು ನೋಡಿದ, ಕುಡಿಯಲು ಕೇಳಿದ, ಪ್ರಾಣ ಬಿಟ್ಟ. ಜುಲೈ ಕೊನೆಯಲ್ಲಿ ರಷ್ಯನ್ನರ ದೋಣಿಗಳು ಸಿಕ್ಕು, ಅವರಿಂದ ರೊಟ್ಟಿ ದೊರೆಯಿತು. ಬಳಿಕ ಒಂದು ದಡದಲ್ಲಿ ಬೆಳೆದಿದ್ದ ಚಮಚದಂಥ ಎಲೆಯ ಸೊಪ್ಪನ್ನು ಹಸಿಯಾಗಿಯೇ ತಿಂದು, ಒಸಡು ಕೊಳೆಯುವ ಸ್ಕರ್ವಿ ರೋಗದಿಂದ ಚೇತರಿಸಿಕೊಂಡರು. ಎರಡು ಸಾವಿರ ಕಿಲೋಮೀಟರಿಗೂ ಮಿಕ್ಕಿದ ದೂರ ಕ್ರಮಿಸಿ ಸೆಪ್ಟೆಂಬರಿನಲ್ಲಿ ಕೋಲಾ ಪಟ್ಟಣ ಸೇರಿದವರು ಹನ್ನೆರಡು ಜನ. ಇನ್ನೊಂದು ಹಡಗಿನಲ್ಲಿ ಜೊತೆಗೇ ಹೊರಟು ಹಿಂದಿನ ವರ್ಷ ಅವರಿಂದ ಬೇರೆಯಾಗಿದ್ದ ಯಾನ್ ರೈಪ್ ತನ್ನ ಹಡಗಿನೊಡನೆ ಅಲ್ಲಿಯೇ ಇದ್ದ. ನವೆಂಬರ್ 1ಕ್ಕೆ ಅವರು ಆಮ್ಸ್ಟರ್‌ಡ್ಯಾಮ್ ತಲುಪಿದರು, ತಲೆಯ ಮೇಲೆ ನರಿಯ ಚರ್ಮದ ಟೋಪಿಗಳು ಹಾಗೆಯೇ ಇದ್ದವು.

ಆ ಎರಡು ದೋಣಿಗಳನ್ನು ಅವರು ಮಾರಲಿಲ್ಲ, ಒಡೆದು ಸೌದೆ ಮಾಡಲೂ ಇಲ್ಲ. ಕೋಲಾದ ವ್ಯಾಪಾರಿಗಳ ಅಂಗಳಕ್ಕೆ ಎಳೆದು ತಂದು, ನೆನಪಿಗೆಂದು ಅಲ್ಲಿಯೇ ಇಟ್ಟು ಬಂದರು.

ಶ್ರಾವಣದಲ್ಲಿ ಊರಿಗೆ ಬರುತ್ತೇನೆ. ಅಲ್ಲಿಯವರೆಗೆ ಕಾಕಾ ಅವರ ಪೆಟ್ಟಿಗೆಯನ್ನು ಯಾರಿಗೂ ಕೊಡಬೇಡ. ಬಾಚಿಗೂ ಉಳಿಗಳಿಗೂ ತುಕ್ಕು ಹಿಡಿಯದಂತೆ ಸ್ವಲ್ಪ ಕುಸುಬೆಯೆಣ್ಣೆ ಸವರಿಡು.

ನಿನ್ನ,
ಶರಣಪ್ಪ