ಕನ್ನಡದಲ್ಲಿ ಹೇಳಿದ್ದನ್ನು ಕನ್ನಡದಲ್ಲೇ ಬರೆಸಿ: ಕೇರಳ ರಾಜ್ಯ ಪೊಲೀಸ್ ಮುಖ್ಯಸ್ಥರಿಗೆ ಬಹಿರಂಗ ಪತ್ರ

ಮಾನ್ಯರೇ,

ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ, ಬದಿಯಡ್ಕ, ಆದೂರು ಠಾಣೆಗಳ ಗಂಭೀರ ಪ್ರಕರಣವೊಂದು ರಾಜ್ಯ ಪೊಲೀಸರ ವಿಶೇಷ ತನಿಖಾ ವಿಭಾಗವಾದ ಕ್ರೈಂ ಬ್ರಾಂಚಿಗೆ ಹೋಯಿತೆಂದರೆ ನೊಂದವರ ಮನೆಯಲ್ಲಿ ಸ್ವಲ್ಪ ಧೈರ್ಯ ಮೂಡುತ್ತದೆ. ಸ್ಥಳೀಯ ಒತ್ತಡಕ್ಕೆ ಮಣಿಯದ ಅಧಿಕಾರಿಗಳು ಬರುತ್ತಾರೆಂಬ ನಂಬಿಕೆ ಅದು. ಆ ತನಿಖೆ ನ್ಯಾಯಾಲಯದಲ್ಲಿಯೂ ನಿಲ್ಲಬೇಕಾದರೆ ಒಂದು ರೂಢಿ ಹೋಗಬೇಕು: ಸಾಕ್ಷಿ ಕನ್ನಡದಲ್ಲೋ ತುಳುವಿನಲ್ಲೋ ಹೇಳಿದ್ದನ್ನು ಮಲಯಾಳದಲ್ಲಿ ಸಾರಾಂಶ ಮಾಡಿ ಬರೆದುಕೊಳ್ಳುವ ರೂಢಿ. ಇದಕ್ಕೆ ಹೊಸ ಕಾನೂನು ಬೇಡ, ನಿಮ್ಮದೊಂದು ಸುತ್ತೋಲೆ ಸಾಕು.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಕ್ರಿಮಿನಲ್ ಪ್ರಕ್ರಿಯೆಯ ಕಾನೂನು) 180ನೇ ಕಲಮಿನಂತೆ ತನಿಖಾಧಿಕಾರಿ ಹೇಳಿಕೆ ಬರೆದುಕೊಂಡರೆ, ಅದು ಪ್ರತಿಯೊಬ್ಬ ಸಾಕ್ಷಿಯದೂ ಬೇರೆಬೇರೆಯಾದ, ನಿಜವಾದ ದಾಖಲೆಯಾಗಿರಬೇಕು. 181ನೇ ಕಲಮಿನಂತೆ ಅದಕ್ಕೆ ಸಾಕ್ಷಿಯ ಸಹಿ ಹಾಕಿಸುವಂತಿಲ್ಲ. ಬಲವಂತದ ಸಹಿ ತಪ್ಪಿಸುವ ಈ ಏರ್ಪಾಡು ಒಳ್ಳೆಯದೇ. ಆದರೆ ಮಲಯಾಳ ಓದಲು ಬಾರದ ಪೈವಳಿಕೆಯ ಕೃಷಿಕರೊಬ್ಬರ ಪಾಲಿಗೆ ಅದು ತಾನು ಓದಲಾರದ, ಸಹಿಯನ್ನೂ ಹಾಕದ ಕಾಗದ. ವರ್ಷಗಳು ಕಳೆದ ಮೇಲೆ ಪಾಟೀ ಸವಾಲಿನಲ್ಲಿ ಅದೇ ಕಾಗದವನ್ನು ಅವರ ಮುಂದೆ ಹಿಡಿಯುತ್ತಾರೆ.

ಎಲ್ಲಿ ಕೆಡುತ್ತದೆ ನೋಡಿ. ಸಾಕ್ಷಿ ಹೇಳಿದ್ದು: ಅಂಗಳದ ಬಲ್ಬು ಉರಿಯುತ್ತಿತ್ತು, ಹತ್ತು ಮಾರು ದೂರದಲ್ಲಿದ್ದೆ, ಅವನನ್ನು ಮೊದಲೇ ಬಲ್ಲೆ, ಕತ್ತಿ ಬಲಗೈಯಲ್ಲಿತ್ತು. ಬರೆದದ್ದು: ಆರೋಪಿ ಕತ್ತಿ ಹಿಡಿದು ಓಡುವುದನ್ನು ಕಂಡೆ. ಗುರುತು ಹಿಡಿದದ್ದು ನಂಬುವಂಥದ್ದೇ ಎಂದು ನ್ಯಾಯಾಲಯ ತೂಗುವುದು ಬೆಳಕು, ದೂರ, ಪರಿಚಯ ಇವುಗಳಿಂದ. ಮೂರೂ ಬಿಟ್ಟುಹೋಗಿವೆ. ಬಲ್ಬಿನ ವಿಷಯವನ್ನು ಪೊಲೀಸರಿಗೆ ಹೇಳಿದ್ದೆ ಎಂದು ಸಾಕ್ಷಿ ಹೇಳುತ್ತಾರೆ; ಹೇಳಿಕೆಯಲ್ಲಿ ಹಾಗಿಲ್ಲ ಎಂದು ತನಿಖಾಧಿಕಾರಿ ಒಪ್ಪಿಕೊಳ್ಳಬೇಕಾಗುತ್ತದೆ. ಮುಖ್ಯವಾದ ಸಂಗತಿ ಬಿಟ್ಟುಹೋಗಿದ್ದರೆ ಅದನ್ನೂ ವಿರೋಧಾಭಾಸವೆಂದು ಎಣಿಸಬಹುದೆಂದು 181ನೇ ಕಲಮಿನ ವಿವರಣೆಯೇ ಹೇಳುತ್ತದೆ. ಇದ್ದದ್ದನ್ನು ಇದ್ದಂತೆ ಹೇಳಿದವರು ಆಮೇಲೆ ಕಟ್ಟಿ ಹೇಳಿದವರಂತೆ ಕಾಣುತ್ತಾರೆ.

ಕ್ರೈಂ ಬ್ರಾಂಚ್ ಪ್ರಕರಣಗಳಲ್ಲಿ ಈ ಅಪಾಯ ದುಪ್ಪಟ್ಟು. ಠಾಣೆಯವರು ಬರೆದ ಹೇಳಿಕೆ ಕಡತದಲ್ಲಿರುತ್ತದೆ, ಹೊಸ ಅಧಿಕಾರಿ ಮತ್ತೆ ಹೇಳಿಕೆ ಪಡೆಯುತ್ತಾರೆ. ಒಂದಕ್ಕೆ ಬೀಟ್ ಪೊಲೀಸರು ದುಭಾಷಿ, ಇನ್ನೊಂದಕ್ಕೆ ಪಕ್ಕದ ಅಂಗಡಿಯವರು ಎಂದಾದರೆ ಎರಡು ಅನುವಾದಗಳ ನಡುವಿನ ವ್ಯತ್ಯಾಸವೆಲ್ಲ ಸಾಕ್ಷಿಯ ತಲೆಗೇ ಬರುತ್ತದೆ. ಎರಡನೆಯ ಹೇಳಿಕೆಗೆ ಮೊದಲೇ ಹಳೆಯದನ್ನು ಕನ್ನಡದಲ್ಲಿ ಓದಿ ಹೇಳಿ, ಸಾಕ್ಷಿ ತಿದ್ದಿದ್ದೇನು ಎಂಬುದನ್ನು ಅಲ್ಲಿಯೇ ದಾಖಲಿಸಬೇಕು.

ದಾರಿ 180ನೇ ಕಲಮಿನಲ್ಲೇ ಇದೆ. ಹೇಳಿಕೆಯನ್ನು ಧ್ವನಿ ಮತ್ತು ದೃಶ್ಯದಲ್ಲಿ ದಾಖಲಿಸಲು ಅವಕಾಶವಿದೆ. ಆರಂಭದಲ್ಲಿ ದಿನಾಂಕ, ಸಮಯ, ಸ್ಥಳ, ಅಲ್ಲಿರುವವರ ಹೆಸರು, ಮಾತಾಡುವ ಭಾಷೆ ಇಷ್ಟನ್ನೂ ಗಟ್ಟಿಯಾಗಿ ಹೇಳಿಸಿ. ನಡುವೆ ನಿಲ್ಲಿಸಬೇಡಿ, ನಿಲ್ಲಿಸಲೇಬೇಕಾದರೆ ಕಾರಣವೂ ದಾಖಲಾಗಲಿ. ಕನ್ನಡದ ಮೂಲ ಹೇಳಿಕೆ ಮೊದಲು, ಮಲಯಾಳ ಅನುವಾದ ಪ್ರತ್ಯೇಕ ಹಾಳೆಯಲ್ಲಿ. ತುಳುವಿನಲ್ಲಿ ಹೇಳಿದ ಮುಖ್ಯ ಮಾತುಗಳನ್ನು ಕನ್ನಡ ಲಿಪಿಯಲ್ಲಿ ಹಾಗೆಯೇ ಬರೆಯಬಹುದು. ದುಭಾಷಿಯ ಹೆಸರು ಕೇಸ್ ಡೈರಿಯಲ್ಲಿರಲಿ. ಅವರು ಯಾವ ಕಡೆಯವರ ನೆಂಟರೋ ನೆರೆಯವರೋ ಆಗಿರಬಾರದು. 60 ದಾಟಿದವರನ್ನೂ ಮಹಿಳೆಯರನ್ನೂ ಅವರು ವಾಸಿಸುವ ಸ್ಥಳ ಬಿಟ್ಟು ಬೇರೆಡೆಗೆ ಬರುವಂತೆ ಒತ್ತಾಯಿಸಬಾರದೆಂದು 179ನೇ ಕಲಂ ಹೇಳುತ್ತದೆ. ಎಣ್ಮಕಜೆಯ ಅಜ್ಜಿಯನ್ನು ಕಾಸರಗೋಡಿಗೆ ಕರೆಸುವುದು ಬೇಡ. ಇಡೀ ಪ್ರಕರಣ ಒಬ್ಬರೇ ಸಾಕ್ಷಿಯ ಮೇಲೆ ನಿಂತಿದ್ದರೆ 183ನೇ ಕಲಮಿನಂತೆ ಮ್ಯಾಜಿಸ್ಟ್ರೇಟರ ಮುಂದೆಯೂ ಹೇಳಿಕೆ ಕೊಡಿಸಿ.

ಜಾಗದ ವಂಚನೆಯ ತನಿಖೆಗಳಲ್ಲಿ ತೊಡಕು ಬೇರೆ ಬಗೆಯದು. 1956ರ ನವೆಂಬರ್ 1ರ ವರೆಗೆ ಈ ನಾಡು ದಕ್ಷಿಣ ಕನ್ನಡ ಜಿಲ್ಲೆಯ ಭಾಗ. ಆ ಕಾಲದ ಆಧಾರಪತ್ರಗಳಲ್ಲಿ ಕನ್ನಡದ ಮೋಡಿ ಕೈಬರಹ (ಅಕ್ಷರ ಕೂಡಿಸಿ ಬರೆಯುವ ಹಳೆಯ ಓಟದ ಬರಹ) ಸಾಮಾನ್ಯ. ವರ್ಗ, ಕುಮ್ಕಿ, ಮೂಲಗೇಣಿ, ಚಾಲಗೇಣಿ ಎಂಬ ಹಕ್ಕುಗಳ ಅಂತರ ತಿಳಿಯದೆ ಯಾರು ಏನನ್ನು ಮಾರಬಹುದಿತ್ತೆಂದು ತೀರ್ಮಾನಿಸಲಾಗದು: ವರ್ಗ ಕಂದಾಯ ಕಟ್ಟುವ ಒಡೆಯನ ಹಿಡುವಳಿ, ಮೂಲಗೇಣಿ ಗೇಣಿದಾರನ ಶಾಶ್ವತ ಹಕ್ಕು, ಚಾಲಗೇಣಿ ಹಾಗಲ್ಲ, ಕುಮ್ಕಿ ವರ್ಗ ಜಾಗಕ್ಕೆ ತಾಗಿಕೊಂಡ ಸರಕಾರಿ ಜಾಗದ ಮೇಲಿನ ಸೌಲಭ್ಯ ಮಾತ್ರ. ಕನ್ನಡ ಸಹಿಯ ಅಸಲಿತನ ಪರೀಕ್ಷೆಗೆ ಕಳಿಸುವಾಗ ಜೆರಾಕ್ಸ್ ಸಾಲದು, ಮೂಲ ದಾಖಲೆಯೇ ಬೇಕು. ಹೋಲಿಸಲು ಅದೇ ವ್ಯಕ್ತಿ ಅದೇ ಕಾಲದಲ್ಲಿ ಬ್ಯಾಂಕ್, ಸಹಕಾರಿ ಸಂಘ, ನೋಂದಣಿ ಕಚೇರಿಗಳಲ್ಲಿ ಹಾಕಿದ ಕನ್ನಡ ಸಹಿಗಳನ್ನೇ ಸಂಗ್ರಹಿಸಬೇಕು. ಇಪ್ಪತ್ತು ವರ್ಷ ಆಚೀಚಿನ ಸಹಿಯಿಂದ, ಅಥವಾ ಇಂಗ್ಲಿಷ್ ಸಹಿಯಿಂದ ಪ್ರಯೋಜನವಿಲ್ಲ.

ಗಡಿಯಾಚೆಯ ಸಾಕ್ಷ್ಯಕ್ಕೆ ವೇಗ ಬೇಕು. ಇಲ್ಲಿಯ ಗಾಯಾಳುಗಳು ಹೋಗುವುದು ಹೆಚ್ಚಾಗಿ ಮಂಗಳೂರಿನ ಆಸ್ಪತ್ರೆಗಳಿಗೆ, ವಾಹನಗಳು ಕರ್ನಾಟಕದ ಗಡಿ ದಾಟುವುದು ತಲಪಾಡಿಯಲ್ಲಿ. ಸಿಸಿಟಿವಿ ಯಂತ್ರದಲ್ಲಿ ಹಳೆಯ ದೃಶ್ಯದ ಮೇಲೆ ಹೊಸದು ತುಂಬಿಕೊಳ್ಳುತ್ತದೆ, ಎಷ್ಟೋ ಕಡೆ ಕೆಲವೇ ವಾರಗಳಲ್ಲಿ. ಕ್ರೈಂ ಬ್ರಾಂಚ್ ಬರುವ ಹೊತ್ತಿಗೆ ಅದು ಹೋಗಿರುತ್ತದೆ. ಆದ್ದರಿಂದ ಮೊದಲ ವಾರದಲ್ಲೇ ದಾಖಲೆ ಒಪ್ಪಿಸುವಂತೆ ಸಂಹಿತೆಯ 94ನೇ ಕಲಮಿನ ನೋಟೀಸನ್ನು ಕನ್ನಡದಲ್ಲೂ ಕೊಟ್ಟು, ದೃಶ್ಯವನ್ನು ನಕಲು ಮಾಡಿ, ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ವಿದ್ಯುನ್ಮಾನ ದಾಖಲೆಗೆ ಬೇಕಾದ ಪ್ರಮಾಣಪತ್ರವನ್ನು ಹ್ಯಾಶ್ ಮೌಲ್ಯದೊಂದಿಗೆ (ಕಡತ ಬದಲಾಗಿಲ್ಲವೆಂದು ತೋರಿಸುವ ಸಂಕೇತ) ಪಡೆಯುವ ಹೊಣೆ ಠಾಣೆಯದ್ದೆಂದು ಸುತ್ತೋಲೆಯಲ್ಲಿ ಬರೆಯಿರಿ.

ಕೊನೆಯದಾಗಿ, ತನಿಖೆ ಎಲ್ಲಿಗೆ ಬಂತೆಂದು ದೂರುದಾರರಿಗೆ 90 ದಿನಗಳೊಳಗೆ ತಿಳಿಸಬೇಕೆಂದು 193ನೇ ಕಲಂ ವಿಧಿಸುತ್ತದೆ. ಕನ್ನಡಿಗರು ಕನ್ನಡದಲ್ಲಿ ಬರೆದರೆ ಉತ್ತರವೂ ಕನ್ನಡದಲ್ಲೇ ಸಿಗಬೇಕೆಂಬುದು 1969ರ ಕೇರಳ ಅಧಿಕೃತ ಭಾಷಾ ಕಾಯಿದೆ ಕೊಟ್ಟ ಹಕ್ಕು. 90 ದಿನಗಳ ಈ ತಿಳುವಳಿಕೆ ಪತ್ರದ ನಮೂನೆಯನ್ನು ಕನ್ನಡದಲ್ಲಿ ಮುದ್ರಿಸಿ ಕಾಸರಗೋಡಿನ ಎಲ್ಲ ಘಟಕಗಳಿಗೆ ಕಳಿಸಿಕೊಡಿ.

ಇಂತು,
ಕಾಸರಗೋಡು, ಮಂಜೇಶ್ವರ ತಾಲೂಕುಗಳ ಕನ್ನಡ ವಕೀಲರು ಮತ್ತು ಭಾಷಾಂತರಕಾರರು