ಕೆರೆಯಂಗಳದಲ್ಲಿ ಮನೆ

ಮಿಡನ್‌ಬೀಮ್‌ಸ್ಟರ್, ನೆದರ್ಲೆಂಡ್ಸ್
20 ಮೇ 2025

ತೀರ್ಥರೂಪು ಅಪ್ಪನವರಿಗೆ ಮತ್ತು ಅಮ್ಮನಿಗೆ ನಮಸ್ಕಾರಗಳು. ನಾವು ಮೂವರೂ ಕ್ಷೇಮ.

ದಿನಾ ಫೋನಿನಲ್ಲಿ ಮಾತಾಡುವವಳು ಈಗ ಕಾಗದ ಬರೆಯಲು ಕೂತಿದ್ದಾಳಲ್ಲ ಎಂದುಕೊಳ್ಳಬೇಡಿ. ಅಪ್ಪ, ಹೋದ ಭಾನುವಾರ ನಾನು "ಸಮುದ್ರಕ್ಕಿಂತ ಮೂರೂವರೆ ಮೀಟರ್ ಕೆಳಗೆ" ಎಂದ ಕೂಡಲೇ ನೀವು ಫೋನನ್ನು ಅಮ್ಮನ ಕೈಗೆ ಕೊಟ್ಟು ಎದ್ದುಹೋದಿರಿ. ಹೋಗುತ್ತಾ, "ಕೆರೆಯಂಗಳದಲ್ಲಿ ಮನೆ ತೆಗೆದುಕೊಂಡಿದ್ದಾಳೆ, ಕೇಳಿದೆಯಾ?" ಎಂದದ್ದು ನನಗೂ ಕೇಳಿಸಿತು. ಫೋನಿನಲ್ಲಿ ನೀವು ನನ್ನನ್ನು ಪೂರ್ತಿ ಹೇಳಲು ಬಿಡುವುದಿಲ್ಲ. ಕಾಗದವನ್ನಾದರೆ ಕನ್ನಡಕ ಹಾಕಿಕೊಂಡು ಕೊನೆಯವರೆಗೂ ಓದುತ್ತೀರಿ.

ನೀವು ಹೇಳಿದ್ದರಲ್ಲಿ ತಪ್ಪೇನೂ ಇಲ್ಲ. ಇದು ಕೆರೆಯಂಗಳವೇ. ನಮ್ಮ ಊರಿರುವ ಬೀಮ್‌ಸ್ಟರ್ ಸೀಮೆ ಹಿಂದೆ ದೊಡ್ಡ ಸರೋವರವಾಗಿತ್ತು. ಆಮ್‌ಸ್ಟರ್‌ಡ್ಯಾಮಿನ ವರ್ತಕರು ಹಣ ಹೂಡಿ, ಸುತ್ತಲೂ ಏರಿ ಹಾಕಿಸಿ, ನಲವತ್ತಕ್ಕೂ ಹೆಚ್ಚು ಗಾಳಿಯಂತ್ರಗಳಿಂದ ನೀರೆತ್ತಿಸಿ 1612ರಲ್ಲಿ ಅದನ್ನು ಹೊಲ ಮಾಡಿದರು. ಅದಕ್ಕೆ ಎರಡು ವರ್ಷ ಮೊದಲು, ಇನ್ನೇನು ನೀರು ಖಾಲಿಯಾಯಿತು ಎನ್ನುವಾಗ, ಸಮುದ್ರದ ಕಡೆಯ ಏರಿ ಒಡೆದು ಎಲ್ಲ ಮತ್ತೆ ತುಂಬಿಕೊಂಡಿತ್ತಂತೆ. ಅವರು ಮೊದಲಿನಿಂದ ಮತ್ತೆ ಶುರು ಮಾಡಿದರು. ಆಗ ನೂಲು ಹಿಡಿದು ಎಳೆದಂತೆ ಹಾಕಿದ ರಸ್ತೆ, ಕಾಲುವೆ, ಚೌಕಾಕಾರದ ಹೊಲಗಳು ಇಂದಿಗೂ ಹಾಗೆಯೇ ಇವೆ. 1999ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಹಂಪಿ ಇರುವ ಪಟ್ಟಿಯಲ್ಲಿ ನಮ್ಮ ಊರೂ ಇದೆ ಎಂದು ಅಳಿಯಂದಿರು ಬಂದವರಿಗೆಲ್ಲ ಹೇಳುತ್ತಾ ತಿರುಗುತ್ತಿದ್ದಾರೆ.

ಸೀಮೆಯನ್ನು ಬಳಸಿ ಹರಿಯುವ ಸುತ್ತುಗಾಲುವೆ ಮಾತ್ರ ಏರಿಯ ಆಚೆ ಎತ್ತರದಲ್ಲಿದೆ, ಊರು ಅದರ ಕೆಳಗಿದೆ. ಮೊದಲ ಸಲ ಬಂದಾಗ, ಹುಲ್ಲು ಮೇಯುತ್ತಿದ್ದ ಹಸುಗಳ ತಲೆಗಿಂತ ಎತ್ತರದಲ್ಲಿ ಒಂದು ದೋಣಿ ನಿಧಾನವಾಗಿ ಹೋಗುತ್ತಿರುವುದನ್ನು ಕಂಡು ನಾನು ಸೈಕಲ್ ನಿಲ್ಲಿಸಿಬಿಟ್ಟೆ. ನೀವಾಗಿದ್ದರೆ ಅಲ್ಲಿಂದಲೇ ವಾಪಸು ಹೊರಡುತ್ತಿದ್ದಿರಿ.

ಆದರೆ ನೀರುಗಂಟಿ ಇಲ್ಲದ ಊರಲ್ಲ ಇದು. ನಮ್ಮಲ್ಲಿ ವಿಶ್ವೇಶ್ವರಯ್ಯ ನಾಲೆಯಿಂದ ನೀರು ಬರಬೇಕು, ಕಟ್ಟು ಪದ್ಧತಿಯಲ್ಲಿ ನಮ್ಮ ಸರದಿಗೆ ಕಾಯಬೇಕು. ರಾತ್ರಿ ಎರಡು ಗಂಟೆಗೆ ನೀವು ಟಾರ್ಚ್ ಹಿಡಿದು ತೂಬಿನ ಹತ್ತಿರ ಹೋಗುತ್ತಿದ್ದುದು ನನಗೆ ನೆನಪಿದೆ. ಇಲ್ಲಿ ಅದರ ತಿರುವುಮುರುವು. ನೀರು ತಾನಾಗಿ ಬರುತ್ತದೆ, ಹಗಲಿರುಳೂ ಪಂಪಿನಿಂದ ಅದನ್ನು ಹೊರಗೆ ಹಾಕುತ್ತಿರಬೇಕು. ಅದಕ್ಕೆಂದೇ ಪ್ರತ್ಯೇಕ ನೀರಾಡಳಿತ ಮಂಡಳಿಗಳಿವೆ. ಅವಕ್ಕೆ ಬೇರೆಯೇ ತೆರಿಗೆ, ನಾಲ್ಕು ವರ್ಷಕ್ಕೊಮ್ಮೆ ಬೇರೆಯೇ ಚುನಾವಣೆ. ವಾಸದ ಪರವಾನಗಿ ಇರುವ ನಮ್ಮಂಥ ಹೊರಗಿನವರಿಗೂ ಅದರಲ್ಲಿ ಮತವಿದೆ. ಈ ದೇಶದಲ್ಲಿ ಇಂಥ ಮಂಡಳಿಗಳು ಹದಿಮೂರನೆಯ ಶತಮಾನದಿಂದಲೂ ಇವೆ. ಏರಿ ಒಡೆದರೆ ಗೌಡರ ಮನೆಯೂ ಮುಳುಗುತ್ತದೆ, ಆಳಿನ ಮನೆಯೂ ಮುಳುಗುತ್ತದೆ, ಹಾಗಾಗಿ ಜಗಳವಾಡುತ್ತಲೇ ಒಟ್ಟಾಗಿ ಕೆಲಸ ಮಾಡುವುದನ್ನು ಕಲಿತಿದ್ದಾರೆ. 1953ರಲ್ಲಿ ದಕ್ಷಿಣದ ಜೀಲೆಂಡ್ ಕಡೆ ಏರಿಗಳು ಒಡೆದು 1,836 ಜನ ಸತ್ತರು. ಅದನ್ನು ಮುಚ್ಚಿಟ್ಟು ನಿಮಗೆ ಧೈರ್ಯ ಹೇಳುವುದು ನನಗಿಷ್ಟವಿಲ್ಲ. ಬೆಂಗಳೂರಿನಲ್ಲಿ ದೊಡ್ಡಪ್ಪನ ಮಗ ಕೊಂಡ ಮನೆಗೂ ಇದಕ್ಕೂ ವ್ಯತ್ಯಾಸವೇನು ಗೊತ್ತೇ? ತಾನಿರುವುದು ಕೆರೆಯೊಳಗೆ ಎಂದು ಅವನಿಗೆ ಗೊತ್ತಾದದ್ದು 2022ರ ಮಳೆಯಲ್ಲಿ ಅಡುಗೆಮನೆಗೆ ನೀರು ನುಗ್ಗಿದ ಮೇಲೆ. ಇಲ್ಲಿ ಶಾಲೆಗೆ ಹೋಗುವ ಮಕ್ಕಳಿಗೂ ಅದು ಗೊತ್ತಿದೆ.

ಮನೆಯ ವಿಷಯಕ್ಕೆ ಬರುತ್ತೇನೆ. ಇದು ಐದನೆಯ ಪ್ರಯತ್ನ. ಇಲ್ಲಿ ಮಾರುವವರು ಒಂದು ಬೆಲೆ ಹೇಳುತ್ತಾರೆ, ಕೊಳ್ಳುವವರು ಅದಕ್ಕಿಂತ ಮೇಲೆ ಕೂಗುತ್ತಾರೆ. ನಮ್ಮ ಸಂತೆಯ ವ್ಯವಹಾರಕ್ಕೆ ಪೂರಾ ಉಲ್ಟಾ. ಅದೂ ಬಾಯಿಬಿಟ್ಟು ಕೂಗುವಂತಿಲ್ಲ, ಪಕ್ಕದವನು ಎಷ್ಟು ಬರೆದಿದ್ದಾನೆಂದು ತಿಳಿಯದೆ ನಮ್ಮ ಅಂಕಿಯನ್ನು ಬರೆದು ಕಳಿಸಬೇಕು. ನಾಲ್ಕು ಮನೆ ಹೀಗೆ ಕೈತಪ್ಪಿದವು. ಒಂದು ಮನೆ ಕೈತಪ್ಪಿದ ದಿನ ಪುಟ್ಟಿ, ತಾನು ಮಲಗುವ ಕೋಣೆ ಯಾವುದೆಂದು ಆಗಲೇ ತೀರ್ಮಾನ ಮಾಡಿಕೊಂಡಿದ್ದವಳು, ಊಟವನ್ನೇ ಮಾಡಲಿಲ್ಲ.

ಸಿಕ್ಕಿದ್ದು ಅರವತ್ತರ ದಶಕದ ಸಾಲುಮನೆ. ಈ ಸೀಮೆಯ ಹಳೆಯ ತೋಟದ ಮನೆಗಳು ಬೇರೆ ಥರ. ಗೋಪುರದಂಥ ಒಂದೇ ಚಾವಣಿ, ನಡುವೆ ಹುಲ್ಲಿನ ರಾಶಿ, ಸುತ್ತ ಜನ ಮತ್ತು ದನ. ನಮ್ಮ ಅಜ್ಜನ ತೊಟ್ಟಿಮನೆಯ ನಡುವಿನ ತೊಟ್ಟಿಯನ್ನು ಮುಚ್ಚಿ ಹುಲ್ಲು ತುಂಬಿದರೆ ಹೇಗೋ ಹಾಗೆ. ಅವುಗಳ ಬೆಲೆ ಕೇಳಿದರೆ ಎದೆ ನಡುಗುತ್ತದೆ. ನಮ್ಮದರಲ್ಲಿ ನಡುಮನೆಗೆ ಮುಂದೊಂದು ಹಿಂದೊಂದು ದೊಡ್ಡ ಕಿಟಕಿ, ಬೆಳಗಿನ ಬಿಸಿಲು ಒಂದರಲ್ಲಿ ಬಂದರೆ ಸಂಜೆಯ ಬಿಸಿಲು ಇನ್ನೊಂದರಲ್ಲಿ. ಅಮ್ಮ, ವಾಸ್ತು ಕೇಳಬೇಡ. ರಸ್ತೆಯವರಿಗೆ ನಮ್ಮ ಹಿತ್ತಲು ಮನೆಯ ಮೂಲಕವೇ ಕಾಣುತ್ತದೆ. ಯಾರೂ ಪರದೆ ಎಳೆಯುವುದಿಲ್ಲ, ಯಾರೂ ಇಣುಕುವುದೂ ಇಲ್ಲ. ಇಣುಕದಿರುವುದನ್ನು ನಾನಿನ್ನೂ ಕಲಿಯುತ್ತಿದ್ದೇನೆ.

ಕೊಳ್ಳುವ ಮೊದಲು ಮನೆಯ ತಪಾಸಣೆ ಮಾಡುವವರೊಬ್ಬರನ್ನು ಕರೆಸಿದೆವು. ಅವರು ಗೋಡೆ, ಮಾಡು ಯಾವುದನ್ನೂ ನೋಡದೆ ಬಾಗಿಲ ಒಳಗಿನ ಕಾಲೊರೆಸನ್ನು ಎತ್ತಿದರು. ಅದರ ಕೆಳಗೆ ಒಂದು ಮರದ ಮುಚ್ಚಳ, ಅದನ್ನು ತೆಗೆದರೆ ನೆಲದಡಿ ತೆವಳಿ ಹೋಗುವಷ್ಟೇ ಜಾಗ. ಟಾರ್ಚ್ ಹಿಡಿದು ಹೊಟ್ಟೆಯ ಮೇಲೆ ಒಳಗೆ ಹೋದರು. ಹೊಸ್ತಿಲಲ್ಲಿ ಅವರ ಬೂಟುಗಳಷ್ಟೇ ಕಾಣುತ್ತಿದ್ದವು, ಆಮೇಲೆ ಅವೂ ಇಲ್ಲ. ಆ ಕಿಂಡಿಯಿಂದ ಒಂದು ವಾಸನೆ ಬಂತು ಅಪ್ಪ. ನಾಲೆ ನಿಲ್ಲಿಸಿದ ಮಾರನೆಯ ದಿನ, ಏಡಿ ಹಿಡಿಯಲು ನಾವು ಇಳಿಯುತ್ತಿದ್ದಾಗ ಬರುತ್ತಿತ್ತಲ್ಲ, ಅದೇ ಹಸಿ ಜೇಡಿಯ ವಾಸನೆ. ಮಂಡಿಯೆಲ್ಲ ಕೆಸರು ಮಾಡಿಕೊಂಡು ಮೇಲೆ ಬಂದವರು, "ತೇವ ಇದೆ, ಇರಲೇಬೇಕು. ಇದು ಬೀಮ್‌ಸ್ಟರ್" ಎಂದರು. ಅಡಿಪಾಯ ಗಟ್ಟಿಯಾಗಿದೆಯಂತೆ. ಅಷ್ಟು ಸಾಕಾಯಿತು.

ನಗು ಬರಿಸಿದ್ದು ಇನ್ನೊಂದು. ಮಾರುವವರು ಏನು ಬಿಟ್ಟುಹೋಗುತ್ತಾರೆ, ಏನು ಕಿತ್ತುಕೊಂಡು ಹೋಗುತ್ತಾರೆ ಎಂಬುದಕ್ಕೆ ಪುಟಗಟ್ಟಲೆ ಪಟ್ಟಿ. ಪರದೆಯ ಸರಳು, ಅಂಚೆ ಪೆಟ್ಟಿಗೆ, ಶೌಚಾಲಯದ ಕಾಗದದ ಸುರುಳಿ ಸಿಕ್ಕಿಸುವ ಕಡ್ಡಿ, ಎಲ್ಲಕ್ಕೂ ಒಂದೊಂದು ಗುರುತು. ನೆಲಕ್ಕೆ ಹಾಸಿದ ಮರದ ಹಲಗೆಯನ್ನೂ ಕಿತ್ತುಕೊಂಡು ಹೋಗುವವರಿದ್ದಾರೆ. ನಮಗೆ ಹಲಗೆ ಉಳಿಯಿತು, ಕಡ್ಡಿ ಹೋಯಿತು.

ನೋಂದಣಿ ನೋಟರಿಯ ಕಚೇರಿಯಲ್ಲಿ. ಹಣ ನಮ್ಮಿಂದ ಮಾರುವವರಿಗೆ ನೇರವಾಗಿ ಹೋಗುವುದಿಲ್ಲ, ನೋಟರಿಯ ಖಾತೆಯ ಮೂಲಕ ಹೋಗುತ್ತದೆ. ನಮಗೆ ಡಚ್ ಅಷ್ಟು ಬಾರದು ಎಂದು ದುಭಾಷಿಯೊಬ್ಬರು ಪಕ್ಕದಲ್ಲಿ ಕೂತಿದ್ದರು. ಹೆಬ್ಬೆಟ್ಟಿಲ್ಲ, ಸಾಕ್ಷಿಗಳಿಗೆ ಹೋಟೆಲಿನಲ್ಲಿ ಊಟ ಹಾಕಿಸುವುದಿಲ್ಲ. ಒಂದೊಂದು ಲೋಟ ಕಾಫಿ, ಅಷ್ಟೇ. ನೀವು ಕೇಳಿದ "ಬಿಳಿ ಎಷ್ಟು, ಕಪ್ಪು ಎಷ್ಟು" ಎಂಬ ಪ್ರಶ್ನೆಗೆ ಇಲ್ಲಿ ಅರ್ಥವೇ ಇಲ್ಲ. ನಾವು ಕೊಟ್ಟ ಬೆಲೆ ಭೂ ದಾಖಲೆಯಲ್ಲಿರುತ್ತದೆ, ಸ್ವಲ್ಪ ಶುಲ್ಕ ಕಟ್ಟಿದರೆ ಯಾರು ಬೇಕಾದರೂ ನೋಡಬಹುದು. ಪಕ್ಕದ ಮನೆಯವರು ನೋಡಿಯೇ ಇರುತ್ತಾರೆ ಎಂದು ನನ್ನ ಗುಮಾನಿ. ಮನೆ ಇಬ್ಬರ ಹೆಸರಿನಲ್ಲೂ ಇದೆ. ವರ್ಗಾವಣೆ ತೆರಿಗೆ ಶೇಕಡಾ 2. ಮೂವತ್ತೈದರೊಳಗಿನವರಿಗೆ ಮೊದಲ ಮನೆಯ ಬೆಲೆ ಒಂದು ಮಿತಿ ದಾಟದಿದ್ದರೆ ಅದೂ ಮಾಫಿ. ಅಮ್ಮ, ಮದುವೆಗೆ, ಮಗುವಿಗೆ ಅಷ್ಟು ಅವಸರ ಮಾಡಿದವಳು ಮನೆಗೂ ಮಾಡಬೇಕಿತ್ತು ನೀನು.

ಅಪ್ಪ, ಈ ಕಾಗದ ಬರೆಯಲು ಮುಖ್ಯ ಕಾರಣ ಈ ಮಾತು. ಇಲ್ಲಿ ಬ್ಯಾಂಕು ಮನೆಯ ಮೌಲ್ಯದಷ್ಟೂ ಸಾಲ ಕೊಡುತ್ತದೆ. ಮೇಲೆ ಕೂಗಿದ ಹಣ, ತೆರಿಗೆ, ಖರ್ಚು ಮಾತ್ರ ಕೈಯಿಂದ. ಅದನ್ನು ನಾವು ಹೊಂದಿಸಿ ಆಗಿದೆ. ನಾಲೆಯ ಪಕ್ಕದ ಅರ್ಧ ಎಕರೆಗೆ ನೀವು ಗಿರಾಕಿ ಹುಡುಕುತ್ತಿದ್ದೀರಿ ಎಂದು ತಮ್ಮ ಹೇಳಿದ. ದಯವಿಟ್ಟು ಮಾರಬೇಡಿ. ನನಗೆ ಬೇಕಾದಾಗ ನಾನೇ ಬಾಯಿಬಿಟ್ಟು ಕೇಳುತ್ತೇನೆ. ಕೆರೆಯಂಗಳದ ಮನೆಗಾಗಿ ನಾಲೆ ಪಕ್ಕದ ಜಮೀನು ಹೋಯಿತು ಎಂದರೆ ಊರವರು ನಗುತ್ತಾರೆ, ಅವರಿಗಿಂತ ಮೊದಲು ನೀವೇ ನಗುತ್ತೀರಿ.

ಗೃಹಪ್ರವೇಶದ ಕಥೆ ಅಮ್ಮನಿಗೆ ಅರ್ಧ ಗೊತ್ತು. ಹೋಮದ ಯೋಚನೆ ಬಿಟ್ಟೆವು, ಪ್ರತಿ ಮಹಡಿಗೂ ಹೊಗೆಗೆ ಕೂಗುವ ಯಂತ್ರವಿರಬೇಕೆಂದು ಇಲ್ಲಿ ಕಾನೂನಿದೆ. ಹಾಲುಕ್ಕಿಸಿದೆವು. ಇಂಡಕ್ಷನ್ ಒಲೆ. ಹಾಲು ಉಕ್ಕಿ ಗುಂಡಿಗಳ ಮೇಲೆ ಹರಿದದ್ದೇ ತಡ, ಒಲೆ ಕಿರ್ ಕಿರ್ ಎಂದು ತಾನೇ ಆರಿಹೋಯಿತು. ವಿಡಿಯೊದಲ್ಲಿ ಅಮ್ಮ "ಯಾವ ದಿಕ್ಕಿಗೆ ಉಕ್ಕಿತು, ಯಾವ ದಿಕ್ಕಿಗೆ?" ಎಂದು ಕೂಗುತ್ತಿದ್ದಳು. ಪೂರ್ವ ಎಂದೆ. ಆಮೇಲೆ ನೋಡಿದರೆ ಅದು ಉತ್ತರ. ಈಗ ಹೇಳಿದ್ದೇನೆ, ಬೈಯಬೇಡ.

ಊರು ತೀರ ಮೌನ. ರಾತ್ರಿ ಒಂಬತ್ತೂವರೆಗೂ ಬೆಳಕಿರುತ್ತದೆ, ಆದರೆ ಬೀದಿಯಲ್ಲಿ ಒಂದು ಪಿಳ್ಳೆಯೂ ಇರುವುದಿಲ್ಲ. ಮೊದಲ ವಾರ ನನಗೆ ನಿದ್ದೆಯೇ ಬರಲಿಲ್ಲ. ಈಗ ಚರ್ಚಿನ ಗಂಟೆ ಎಣಿಸುತ್ತಾ ಮಲಗುತ್ತೇನೆ.

ಪಕ್ಕದ ಮನೆಯ ಅಜ್ಜಿ ಹೊಸ ಮನೆಗೆಂದು ಹುಟ್ಟುಹಬ್ಬದ ಕ್ಯಾಲೆಂಡರ್ ಕೊಟ್ಟರು. ಅದನ್ನು ಇಲ್ಲಿಯವರು ಶೌಚಾಲಯದಲ್ಲಿ ನೇತುಹಾಕುತ್ತಾರೆ, ನಾನು ಅಡುಗೆಮನೆಯಲ್ಲಿ ಹಾಕಿದ್ದೇನೆ. ಅದರಲ್ಲಿ ವಾರವೂ ಇಲ್ಲ, ವರ್ಷವೂ ಇಲ್ಲ, ಬರೀ ತಾರೀಖುಗಳು. ಅಪ್ಪ, ನಿಮ್ಮದನ್ನು ಶಾಲೆಯಲ್ಲಿ ಮೇಷ್ಟ್ರು ಬರೆದುಕೊಂಡಂತೆ ಜೂನ್ 1 ಎಂದು ಬರೆದಿದ್ದೇನೆ. ಅಮ್ಮನದು ಬರೆಯಲು ಹೋದರೆ ಗೊತ್ತಿಲ್ಲ. ಗೌರಿ ಹಬ್ಬಕ್ಕೆ ಎಂಟು ದಿನ ಮೊದಲು ಎಂದು ಅಜ್ಜಿ ಹೇಳುತ್ತಿದ್ದರು. ಯಾವ ವರ್ಷದ ಗೌರಿ ಹಬ್ಬ? ಸೋದರಮಾವನನ್ನು ಕೇಳಿ ತಿಳಿಸಿ. ನಾಲೆಗೆ ಈ ಸಲ ಯಾವಾಗ ನೀರು ಬಿಡುತ್ತಾರೆ ಎಂಬುದನ್ನೂ ತಿಳಿಸಿ.

ನಿಮ್ಮ ಮಗಳು