ಹಂಡೆ, ಹೇಂಟೆ, ಡೈನೋಸಾರ್

ಮೂಡಿಗೆರೆ
ಭಾನುವಾರ

ಪುಟ್ಟಿ,

ಮೊನ್ನೆ ಫೋನಲ್ಲಿ ನೀನು "ಅಪ್ಪಾ, ಡೈನೋಸಾರ್‌ದು ಬಿಸಿ ರಕ್ತಾನಾ, ತಣ್ಣನೆ ರಕ್ತಾನಾ?" ಅಂತ ಕೇಳಿದೆ. ನಾನು ಥಟ್ಟನೆ "ತಣ್ಣನೇದು, ಹಲ್ಲಿ ಜಾತಿ ಅಲ್ವಾ" ಅಂದುಬಿಟ್ಟೆ. ಆಮೇಲೆ ಕೂತು ಓದಿದೆ. ನಾನು ಹೇಳಿದ್ದು ತಪ್ಪು. ಹಾಸ್ಟೆಲ್ಲಲ್ಲಿ ಆಗಲೇ ಯಾರಿಗಾದರೂ ಹೇಳಿದ್ದರೆ ತಪ್ಪನ್ನು ನನ್ನ ತಲೆಗೇ ಕಟ್ಟು.

ಇವತ್ತು ಬೆಳಿಗ್ಗೆ ಕಣದಲ್ಲಿ ಕಾಫಿ ಹರಡಲು ಹೋದಾಗ ಬೇಲಿ ಗೂಟದ ಮೇಲೆ ಓತಿಕ್ಯಾತ ಕೂತಿತ್ತು. ಮುಟ್ಟಿದರೂ ಓಡಲಿಲ್ಲ, ಚಳಿಗೆ ಸೆಟೆದಿತ್ತು. ಹತ್ತು ಗಂಟೆಯ ಬಿಸಿಲಿಗೆ ಅದೇ ಓತಿಕ್ಯಾತ ಸರ್ರನೆ ಮರ ಹತ್ತಿತು. ಆಗ ಅದರ ರಕ್ತ ತಣ್ಣಗೇನೂ ಇರುವುದಿಲ್ಲ. ಬಿಸಿಯನ್ನು ಬಿಸಿಲಿನಿಂದ ಕಡ ತಂದಿರುತ್ತದೆ, ಅಷ್ಟೇ. ನಮ್ಮ ಹೇಂಟೆಗೆ ಆ ಗೋಜಿಲ್ಲ. ಮಂಜು ಬಿದ್ದರೂ ಮೈ 41 ಡಿಗ್ರಿ ಆಸುಪಾಸು. ಒಲೆ ಒಳಗೇ ಇದೆ. ಅದಕ್ಕೇ ಇಡೀ ದಿನ ಕೆದಕಿ ಕೆದಕಿ ತಿನ್ನುತ್ತದೆ.

ಡೈನೋಸಾರ್ ಯಾರ ಕಡೆ? 2011ರಲ್ಲಿ ಉದ್ದ ಕತ್ತಿನ ದೈತ್ಯ ಡೈನೋಸಾರ್‌ಗಳ ಹಲ್ಲು ಪರೀಕ್ಷಿಸಿ, ಅವುಗಳ ಮೈ ಬಿಸಿ 36ರಿಂದ 38 ಡಿಗ್ರಿ ಇತ್ತೆಂದು ಕಂಡುಕೊಂಡರು. ಹೆಚ್ಚೂಕಡಿಮೆ ನಿನ್ನ ಮೈಯಷ್ಟೇ! ಹಾಗಾದರೆ ಮುಗೀತಲ್ಲ ಅಂತೀಯಾ? ನಮ್ಮ ಬಚ್ಚಲ ಹಂಡೆ ನೆನಪಿಸಿಕೋ. ಬೆಳಿಗ್ಗೆ ಬೆಂಕಿ ಆರಿದರೂ ಸಂಜೆ ಕಾಲು ತೊಳೆಯಲು ನೀರು ಬೆಚ್ಚಗಿರುತ್ತದೆ. ಅದೇ ನೀರನ್ನು ಚೊಂಬಿನಲ್ಲಿಟ್ಟರೆ ಸ್ವಲ್ಪ ಹೊತ್ತಿಗೇ ತಣ್ಣಗೆ. ಆನೆಯನ್ನೂ ಮೀರಿಸಿದ ಆ ಪ್ರಾಣಿಗಳೂ ಹಂಡೆಯ ಹಾಗೆ. ಒಳಗಿನ ಒಲೆ ಸಣ್ಣಗೆ ಉರಿದರೂ ಬಿಸಿ ನಿಲ್ಲುತ್ತದೆ. ಬರೀ ಹಲ್ಲು ನಂಬಿ ತೀರ್ಮಾನ ಕೊಡುವ ಹಾಗಿಲ್ಲ.

ನನಗೆ ಜಾಸ್ತಿ ಹಿಡಿಸಿದ್ದು ಮೂಳೆಯ ಕತೆ. ತೇಗದ ದಿಮ್ಮಿಯಲ್ಲಿ ನೀನು ಬಳೆ ಎಣಿಸಿದ್ದೆಯಲ್ಲ, ಡೈನೋಸಾರ್ ಮೂಳೆಯಲ್ಲೂ ಅಂಥ ಬಳೆಗಳಿವೆ. ಬೆಳವಣಿಗೆ ಆಗಾಗ ನಿಲ್ಲುತ್ತಿತ್ತು, ಹಾಗಾಗಿ ತಣ್ಣನೆ ರಕ್ತವೇ ಅಂತ ಕೆಲವರು ವಾದಿಸುತ್ತಿದ್ದರು. 2012ರಲ್ಲಿ ನೋಡಿದರೆ ಜಿಂಕೆಯಂಥ ಮೆಲುಕು ಹಾಕುವ ಬಿಸಿ ರಕ್ತದ ಪ್ರಾಣಿಗಳ ಮೂಳೆಯಲ್ಲೂ ಅವೇ ಬಳೆಗಳು! ಅಲ್ಲಿಗೆ ಆ ವಾದ ಬಿತ್ತು. ಮೇಲಾಗಿ ಟಿ. ರೆಕ್ಸ್ ಅನ್ನುವ ಮಾಂಸ ತಿನ್ನುವ ದೈತ್ಯ ಡೈನೋಸಾರ್ ಹರೆಯದಲ್ಲಿ ದಿನಕ್ಕೆ ಸುಮಾರು 2 ಕೆ.ಜಿ. ತೂಕ ಏರಿಸಿಕೊಳ್ಳುತ್ತಿತ್ತು ಅಂತ 2004ರಲ್ಲಿ ಲೆಕ್ಕ ಹಾಕಿದ್ದಾರೆ. ಓತಿಕ್ಯಾತನ ಸೋಮಾರಿ ಒಲೆಯಲ್ಲಿ ಅಷ್ಟು ಅಡುಗೆ ಬೇಯುವುದಿಲ್ಲ.

ಇನ್ನು ತುಪ್ಪಳ. 1996ರಲ್ಲಿ ಚೀನಾದಲ್ಲಿ ಸಿಕ್ಕಿದ ಸೈನೊಸಾರಾಪ್ಟೆರಿಕ್ಸ್ ಅನ್ನುವ ಪುಟ್ಟ ಡೈನೋಸಾರ್‌ಗೆ ಮೈಮೇಲೆ ನಯವಾದ ಗರಿಯಂಥ ತುಪ್ಪಳ ಇತ್ತು. ಹಾರಲು ಬಾರದು, ಮತ್ತೆ ಅದು ಯಾಕೆ? ಕಂಬಳಿ ಇರಬೇಕು. ಬಿಸಿಲು ಕಾಯಿಸಿಕೊಳ್ಳುವವರು ಯಾರಾದರೂ ಕಂಬಳಿ ಹೊದ್ದು ಕೂರುತ್ತಾರಾ?

ಹಾಗಂತ ಎಲ್ಲವನ್ನೂ ಒಂದೇ ಬುಟ್ಟಿಗೆ ಹಾಕಬೇಡ. 2022ರ ಒಂದು ಅಧ್ಯಯನದ ಪ್ರಕಾರ ಮೂರು ಕೊಂಬಿನ ಟ್ರೈಸೆರಾಟಾಪ್ಸ್, ಬೆನ್ನ ಮೇಲೆ ಹಲಗೆಗಳಿದ್ದ ಸ್ಟೆಗೊಸಾರಸ್ ಇವುಗಳ ಒಲೆ ಮಂದವಾಗಿತ್ತು. ಬಿಸಿ ರಕ್ತ, ತಣ್ಣನೆ ರಕ್ತ ಎರಡಕ್ಕೂ ನಡುವಿನವೂ ಇದ್ದವು ಅನ್ನುವವರಿದ್ದಾರೆ. ನಿನ್ನ ಪ್ರಶ್ನೆಗೆ ಒಂದೇ ಮಾತಲ್ಲಿ ಉತ್ತರ ಬರೆಯೋಕೆ ಆಗಲಿಲ್ಲ, ಅದಕ್ಕೇ ಈ ಕಾಗದ.

ಕರಿ ಹೇಂಟೆ ಕಾವಿಗೆ ಕೂತಿದೆ. ಹಾಸನದಿಂದ ಶನಿವಾರ ಬಂದಾಗ ಮೆಲ್ಲಗೆ ಅದರ ಹೊಟ್ಟೆ ಕೆಳಗೆ ಕೈ ಹಾಕಿ ನೋಡು. ಡೈನೋಸಾರ್ ವಂಶದಲ್ಲಿ ಈಗ ಉಳಿದಿರುವುದು ಹಕ್ಕಿಗಳೇ. ಕುಕ್ಕುತ್ತದೆ, ಹುಷಾರು.

ಅಪ್ಪ